ಮೂರನೇ ಮಾಳಿಗೆಗೆ ಡಿಜಿಟಲ್ ಡಬ್ಬಿ ಬಂದದ್ದು

ಲಿಫ್ಟಿನೊಳಗಿನ ಕನ್ನಡಿಗೆ ಅಂಟಿಸಿದ್ದ ಆ ನೋಟೀಸನ್ನು ಮೊದಲು ಓದಿದ್ದು ನನ್ನ ಮಗಳು. ಆಗ ಅವಳಿಗೆ ಏಳು ವರ್ಷ. ನಾವು ಸೌದಿ ಅರೇಬಿಯಾದ ಜುಬೈಲಿನಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿದ್ದೆವು; ನನ್ನ ಗಂಡ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಆಪರೇಟರ್. ನೋಟೀಸು ಅರಬಿ, ಇಂಗ್ಲಿಷ್, ಉರ್ದು ಮೂರರಲ್ಲೂ ಇತ್ತು. ಟೀವಿ ಪ್ರಸಾರವೆಲ್ಲ ಹಳೆಯ ಅನಲಾಗ್ ಬಿಟ್ಟು ಡಿಜಿಟಲ್‌ಗೆ ಹೋಗುತ್ತಿದೆ, ಕಟ್ಟಡದ ಕೇಬಲ್ಲೂ ಬದಲಾಗುತ್ತದೆ, ಮುಂದಿನ ತಿಂಗಳಿನಿಂದ ಸೆಟ್ ಟಾಪ್ ಡಬ್ಬಿಯಿಲ್ಲದೆ ಯಾವ ಚಾನೆಲ್ಲೂ ಬರುವುದಿಲ್ಲ, ಡಬ್ಬಿ ಬೇಕಾದವರು ಇಕಾಮಾದ ಪ್ರತಿ ಕೊಡಬೇಕು ಎಂದು ಬರೆದಿತ್ತು. ಇಕಾಮಾ ಎಂದರೆ ಅಲ್ಲಿ ಇರಲು ನಮಗೆ ಕೊಟ್ಟಿರುವ ಪರವಾನಗಿ. ಸಿಮ್ ಕಾರ್ಡಿಗೂ ಅದರ ಪ್ರತಿ ಕೇಳುತ್ತಾರೆ. ನಾನು ಹೆಚ್ಚು ಯೋಚಿಸಲಿಲ್ಲ.

ಯೋಚನೆಯನ್ನು ಮನೆಗೆ ತಂದವರು ನನ್ನ ಗಂಡ. ಎರಡು ದಿನ ಬಿಟ್ಟು ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದವರು ಶೂ ಬಿಚ್ಚುತ್ತಲೇ ಹೇಳಿದರು.

"ಆ ಡಬ್ಬಿಗೆ ಒಂದು ನಂಬರ್ ಉಂಟಂತೆ. ಅದನ್ನು ಇಕಾಮಾಕ್ಕೆ ಜೋಡಿಸ್ತಾರಂತೆ. ಯಾವ ಮನೆಯಲ್ಲಿ ಯಾವ ಚಾನೆಲ್ ಎಷ್ಟು ಹೊತ್ತು ನೋಡಿದ್ರು ಅಂತ ಆಫೀಸಲ್ಲಿ ಕೂತವನಿಗೆ ಗೊತ್ತಾಗ್ತದಂತೆ."

"ಯಾರು ಹೇಳಿದ್ದು?"

"ಬಸ್ಸಲ್ಲಿ. ಇಪ್ಪತ್ತು ವರ್ಷದಿಂದ ಇಲ್ಲಿರುವವರು. ಇಷ್ಟು ದಿವಸ ಡಿಶ್‌ನಿಂದ ಎಲ್ಲರ ಮನೆಗೂ ನಲ್ಲಿ ನೀರಿನ ಹಾಗೆ ಬರ್ತಿತ್ತು, ಯಾರು ಕುಡಿದ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಇನ್ನು ಹಾಗಲ್ಲ ಅಂದ್ರು."

ನಾನು ಅಡುಗೆಮನೆಯ ಬಾಗಿಲಲ್ಲಿ ಚಮಚ ಹಿಡಿದು ಹಾಗೇ ನಿಂತೆ. ನಾವಿಬ್ಬರೂ ಶುಕ್ರವಾರದ ಬೆಳಗನ್ನು ನೆನೆಸಿಕೊಳ್ಳುತ್ತಿದ್ದೆವು.

ನಾವು ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಸೌದಿಯಲ್ಲಿ ಚರ್ಚ್ ಇರಲಿಲ್ಲ. ಕೇಬಲ್ಲಿನಲ್ಲಿ ಬರುತ್ತಿದ್ದ ನೂರಾರು ಚಾನೆಲ್ಲುಗಳ ಕೊನೆಯಲ್ಲಿ ಕೇರಳದ ಒಂದು ಧಾರ್ಮಿಕ ಚಾನೆಲ್ ಇತ್ತು. ಅದರಲ್ಲಿ ಬೆಳಿಗ್ಗೆ ಚರ್ಚಿನ ಬಲಿಪೂಜೆ ತೋರಿಸುತ್ತಿದ್ದರು. ಮಲಯಾಳ ನಮಗೆ ಅರ್ಧಂಬರ್ಧ. ಆದರೂ ಪೂಜೆಯ ಕ್ರಮ ಒಂದೇ. ಅವರು ಮಲಯಾಳದಲ್ಲಿ ಹೇಳಿದ್ದಕ್ಕೆ ನಾವು ಕೊಂಕಣಿಯಲ್ಲಿ ಉತ್ತರಿಸುತ್ತಿದ್ದೆವು. ರಜೆಯ ದಿನವಾದ ಶುಕ್ರವಾರ ಪರದೆ ಎಳೆದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಧ್ವನಿಯನ್ನು ಪಿಸುಮಾತಿಗೆ ಇಳಿಸಿ ಕೂರುತ್ತಿದ್ದೆವು. ಟೀವಿ ಸ್ಟ್ಯಾಂಡಿನ ಕೆಳಗಿನ ಕಪಾಟಿನಲ್ಲಿ ಒಂದು ಗೇಣುದ್ದದ ಮರಿಯ ಮಾತೆಯ ಪ್ರತಿಮೆ ಇತ್ತು. ನನ್ನ ಅತ್ತೆ ಕೋರಿ ರೊಟ್ಟಿಯ ಪ್ಯಾಕೆಟ್ಟುಗಳ ನಡುವೆ ಸುತ್ತಿಟ್ಟು ಕಳಿಸಿದ್ದು. ಪೂಜೆಯ ಹೊತ್ತಿಗೆ ಮಾತ್ರ ಆ ಕಪಾಟಿನ ಬಾಗಿಲು ತೆರೆಯುತ್ತಿದ್ದೆವು.

ಮನೆಯೊಳಗೆ ನಿಮ್ಮಷ್ಟಕ್ಕೆ ಪ್ರಾರ್ಥಿಸಿದರೆ ಯಾರೂ ಕೇಳುವುದಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಒಂದು ಮನೆಯಲ್ಲಿ ಹತ್ತು ಜನ ಸೇರಿ ಪ್ರಾರ್ಥಿಸಿದ್ದಕ್ಕೆ ಎಲ್ಲರನ್ನೂ ಊರಿಗೆ ಅಟ್ಟಿದರು ಎಂದು ಬೇರೆಯವರು ಹೇಳುತ್ತಿದ್ದರು. ನಾನು ಯಾವುದನ್ನೂ ಕಣ್ಣಾರೆ ಕಂಡಿಲ್ಲ. ಕಾಣದೇ ಇದ್ದುದರಿಂದಲೇ ಭಯಕ್ಕೆ ಒಂದು ಅಳತೆ ಇರಲಿಲ್ಲ.

ಡಬ್ಬಿಯೇ ಬೇಡ ಎಂದು ಮೊದಲು ತೀರ್ಮಾನಿಸಿದೆವು. ಆದರೆ ಕಟ್ಟಡದ ಕಾವಲುಗಾರ ಪಟ್ಟಿ ಹಿಡಿದುಕೊಂಡು ಬಂದ. "ನಿಮ್ಮ ಮನೆ ಒಂದೇ ಬಾಕಿ. ಬೇಡ ಅಂದರೆ ಯಾಕೆ ಬೇಡ ಅಂತ ಇಲ್ಲಿ ಬರೆದುಕೊಡಿ" ಎಂದು ಹಿಂದಿಯಲ್ಲಿ ಹೇಳಿದ. ಯಾಕೆ ಬೇಡ ಎಂದು ಬರೆಯುವುದು? ಗಂಡ ಇಕಾಮಾದ ಪ್ರತಿ ತಂದು ಕೊಟ್ಟುಬಿಟ್ಟರು.

ಎದುರು ಮನೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬ. ಆಕೆ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು, ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ, ಬಾಯಿ ಎಂದು ಕರೆಯುತ್ತಿದ್ದರು. ತುಳು, ಕನ್ನಡ ಕಲಸಿ ಮಾತಾಡುತ್ತಿದ್ದೆವು. ಡಬ್ಬಿಯ ವಿಷಯದಲ್ಲಿ ಅವರ ಚಿಂತೆಯೇ ಬೇರೆ.

"ಮಧ್ಯಾಹ್ನದ ಧಾರಾವಾಹಿ ಬರ್ತದಾ ಇಲ್ವಾ ಅಂತ ಯಾರೂ ಹೇಳುದಿಲ್ಲ ಮಾರಾಯ್ರೆ. ಆ ಹುಡುಗಿಗೆ ಮದುವೆ ಆಗ್ತದಾ ಇಲ್ವಾ ಅಂತ ಗೊತ್ತಾಗುದು ಬೇಡ್ವಾ?"

ನಾನು ನಕ್ಕೆ. ನನ್ನ ಚಿಂತೆ ಏನೆಂದು ಹೇಳಲಿಲ್ಲ. ಆದರೆ ಅವರಿಗೆ ಗೊತ್ತಿತ್ತು. ಒಮ್ಮೆ ಸಕ್ಕರೆ ಕೇಳಲು ಬಂದಾಗ ಕಪಾಟಿನ ಬಾಗಿಲು ತೆರೆದೇ ಇತ್ತು. ಅವರು ನೋಡಿ, ನೋಡದವರಂತೆ ಸಕ್ಕರೆ ತೆಗೆದುಕೊಂಡು ಹೋಗಿದ್ದರು.

ಹೇಳಿದ ದಿನ ಹಳೆಯ ಕೇಬಲ್ ನಿಂತಿತು. ಮಗಳು ಶಾಲೆಯಿಂದ ಬಂದು ಟೀವಿ ಹಾಕಿದಳು. ಎಲ್ಲ ಚಾನೆಲ್ಲಿನಲ್ಲೂ ಬಿಳಿ ಚುಕ್ಕೆಗಳು ಕುದಿಯುತ್ತಿದ್ದವು, ಜೊರ್ರೆಂಬ ಸದ್ದು. ಅವಳು ಹೆದರಿ ರಿಮೋಟ್ ಕೆಳಗೆ ಹಾಕಿದಳು. ನಿಜ ಹೇಳಬೇಕೆಂದರೆ ನನಗೆ ಅಂದು ಸ್ವಲ್ಪ ಹಗುರವಾಯಿತು. ಏನೂ ಬಾರದ ಟೀವಿಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲವಲ್ಲ.

ಡಬ್ಬಿ ಹಾಕುವವರು ಗುರುವಾರ ಸಂಜೆ ಬರುತ್ತಾರೆ ಎಂದಿದ್ದರು. ಆಗ ಗಂಡ ಮನೆಯಲ್ಲಿರುತ್ತಾರೆ, ಅಷ್ಟರೊಳಗೆ ಪ್ರತಿಮೆಯನ್ನು ಬಟ್ಟೆಗಳ ನಡುವೆ ಇಡುವುದು ಎಂದು ಮಾತಾಗಿತ್ತು. ಆದರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ. ಮೆಟ್ಟಿಲು ಹತ್ತಿ ಓಡಿ ಬಂದದ್ದರಿಂದ ಏದುಸಿರು.

"ಬಾಯಿ, ಡಬ್ಬಿಯವರು ಇವತ್ತೇ ಬಂದಿದ್ದಾರೆ. ಎರಡನೇ ಮಾಳಿಗೆಯಲ್ಲಿದ್ದಾರೆ. ಒಬ್ಬ ಸೌದಿ ಕೂಡ ಇದ್ದಾನೆ, ಕೈಯಲ್ಲಿ ಕಾಗದ ಹಿಡ್ಕೊಂಡು."

ಕೇಬಲ್ಲಿನ ಸಾಕೆಟ್ ಇದ್ದದ್ದು ಟೀವಿ ಸ್ಟ್ಯಾಂಡಿನ ಹಿಂದೆಯೇ. ಅದನ್ನು ಎಳೆಯದೆ ಕೆಲಸವಾಗುವುದಿಲ್ಲ. ಗಂಡನಿಗೆ ಫೋನ್ ಮಾಡೋಣವೆಂದರೆ ಪ್ಲಾಂಟಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಪ್ರತಿಮೆ ತೆಗೆದು ಎದೆಗೆ ಒತ್ತಿಕೊಂಡೆ. ಮಲಗುವ ಕೋಣೆಗೆ ಹೋದೆ, ಅಡುಗೆಮನೆಗೆ ಹೋದೆ, ಎಲ್ಲಿಟ್ಟರೂ ಅದು ಕಾಣುತ್ತದೆ ಅನಿಸಿತು. ಮೆಟ್ಟಿಲಲ್ಲಿ ಗಂಡಸರ ಮಾತು ಕೇಳತೊಡಗಿತು.

"ಇಲ್ಲಿ ಕೊಡಿ" ಎಂದರು ಅಕ್ಕ.

ನಾನು ಅವರ ಮುಖ ನೋಡಿದೆ. ಅವರ ಮನೆಯಲ್ಲಿ ಗೊಂಬೆಗಳನ್ನು ಕೂಡ ಇಡುತ್ತಿರಲಿಲ್ಲ.

"ಮನೆಯೊಳಗೆ ಇಡ್ಲಿಕ್ಕೆ ನನಗೆ ಆಗುದಿಲ್ಲ, ನಿಮಗೆ ಗೊತ್ತುಂಟಲ್ಲ" ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಬಾಲ್ಕನಿಯಲ್ಲಿ ಬಕೆಟ್ ಉಂಟು. ಒಗೆಯುವ ಬಟ್ಟೆ ಅಡಿಯಲ್ಲಿ ಇಡ್ತೇನೆ. ನಮ್ಮವರಿಗೆ ಗೊತ್ತಾಗಬಾರ್ದು."

ಸೋಫಾದ ಮೇಲಿದ್ದ ಟವೆಲಿನಲ್ಲಿ ನಾನೇ ಸುತ್ತಿ ಕೊಟ್ಟೆ. ಅವರು ಅದನ್ನು ಅಬಾಯಾದ, ಆ ಕರಿ ನಿಲುವಂಗಿಯ, ಒಳಗೆ ಹಿಡಿದು ಎರಡೇ ಹೆಜ್ಜೆಯಲ್ಲಿ ಎದುರು ಮನೆ ಸೇರಿದರು. ಒಂದು ನಿಮಿಷದಲ್ಲಿ ತಿರುಗಿ ಬಂದು ನನ್ನ ಸೋಫಾದಲ್ಲಿ ಕೂತರು. ಒಂಟಿ ಹೆಂಗಸು ಇರುವ ಮನೆಗೆ ಗಂಡಸರು ಬರುವುದು ಸರಿಯಲ್ಲ, ಜೊತೆಗೆ ನಾನಿರುತ್ತೇನೆ ಎಂದರು. ಆಗ ನೋಡಿದರೆ ಕಪಾಟಿನಲ್ಲಿ ಜಪಮಾಲೆ ಉಳಿದಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು, ಗಡಿಬಿಡಿಯಲ್ಲಿ ತೊಟ್ಟ ಅಬಾಯಾದ ತೋಳಿನೊಳಗೆ ಕೈ ಎಳೆದುಕೊಂಡೆ. ಬೆಲ್ ಆಯಿತು.

ಮೂವರು ಬಂದರು. ಕಾವಲುಗಾರ ಬಾಗಿಲಲ್ಲೇ ನಿಂತ. ನಲವತ್ತು ದಾಟಿದ ಪಾಕಿಸ್ತಾನಿ ಮೆಕ್ಯಾನಿಕ್ "ಅಸ್ಸಲಾಮು ಅಲೈಕುಂ, ಬಾಜಿ" ಎಂದು ಉರ್ದುವಿನಲ್ಲಿ ನಮ್ಮನ್ನು ಅಕ್ಕಾ ಎಂದು ಕರೆದು ಚಪ್ಪಲಿ ಬಿಟ್ಟು ಒಳಗೆ ಬಂದ. ಅವನ ಹಿಂದೆ ಕಾಲುದ್ದದ ಬಿಳಿ ತೋಬ್ ತೊಟ್ಟ ಸೌದಿ ಯುವಕ. ಅವನು ನಮ್ಮ ಕಡೆ ನೋಡದೆ ಗೋಡೆಯತ್ತ ಮುಖ ಮಾಡಿ ನಿಂತ. ಅದು ಮರ್ಯಾದೆ ಎಂದು ಈಗ ಗೊತ್ತು. ಅಂದು ಅವನು ಮನೆಯನ್ನು ತಪಾಸಣೆ ಮಾಡುತ್ತಿದ್ದಾನೆ ಎಂದೇ ತಿಳಿದೆ.

ಮೆಕ್ಯಾನಿಕ್ ಸ್ಟ್ಯಾಂಡ್ ಎಳೆದ, ವಯರ್ ಜೋಡಿಸಿದ, ಡಬ್ಬಿಯ ಅಡಿಯ ನಂಬರ್ ಓದಿ ಹೇಳಿದ, ಯುವಕ ಬರೆದುಕೊಂಡ. ಆಮೇಲೆ ಮೆಕ್ಯಾನಿಕ್ ಚಾನೆಲ್ಲುಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದ. ಅರಬಿ ಸುದ್ದಿ. ಕಾರ್ಟೂನ್. ಕ್ರಿಕೆಟ್. ಬಟನ್ ಒತ್ತುತ್ತಾ ಹೋದ ಹಾಗೆ ನನಗೆ ಮುಂದೇನು ಬರುತ್ತದೆಂದು ಗೊತ್ತಾಯಿತು, ಸಾಕು ಭಾಯಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಇನ್ನೊಮ್ಮೆ ಒತ್ತಿಬಿಟ್ಟ.

ಪರದೆಯ ತುಂಬ ಪಾದ್ರಿ. ಎರಡೂ ಕೈಯಲ್ಲಿ ಓಸ್ತಿಯನ್ನು, ಆ ಬಿಳಿ ರೊಟ್ಟಿಯನ್ನು, ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಾರೆ. ಹಿಂದೆ ದೊಡ್ಡ ಶಿಲುಬೆ. ಧ್ವನಿ ಜೋರಾಗಿತ್ತು, ಗಂಟೆ ಠಣ್ಣೆಂದಿತು. ಅಷ್ಟಕ್ಕೇ ಚಿತ್ರ ನಿಂತುಹೋಯಿತು.

ಹಳೆಯ ಕೇಬಲ್ಲಿನಲ್ಲಿ ಹೀಗಾಗುತ್ತಿರಲಿಲ್ಲ. ಸಿಗ್ನಲ್ ಕೆಟ್ಟರೆ ಚಿತ್ರ ಮಸುಕಾಗುತ್ತಿತ್ತು, ಚುಕ್ಕೆ ಬರುತ್ತಿತ್ತು, ಅಷ್ಟೆ. ಇದು ಕಲ್ಲಾಗಿ ನಿಂತಿತು. ಪಾದ್ರಿಯ ಅರ್ಧ ಮುಖ ಚೌಕ ಚೌಕವಾಗಿ ಒಡೆದಿತ್ತು, ಎತ್ತಿದ ಕೈ ಮಾತ್ರ ಸ್ಪಷ್ಟ. ಮೆಕ್ಯಾನಿಕ್ ರಿಮೋಟನ್ನು ಒತ್ತಿದ, ತಟ್ಟಿದ, ಚಿತ್ರ ಅಲುಗಲಿಲ್ಲ. ಗೋಡೆ ನೋಡುತ್ತಿದ್ದ ಯುವಕ ತಿರುಗಿ ಟೀವಿ ನೋಡಿದ. ನೋಡುತ್ತಲೇ ಇದ್ದ. ಜಪಮಾಲೆಯ ಮಣಿಗಳು ನನ್ನ ಅಂಗೈಗೆ ಚುಚ್ಚುತ್ತಿದ್ದವು.

"ಏಷ್ ಹಾದಾ?" ಎಂದ. ಇದೇನು ಎಂದು.

ಅಕ್ಕ ಸೋಫಾದಿಂದಲೇ, ಮಾರ್ಕೆಟ್ಟಿನಲ್ಲಿ ಮೀನಿಗೆ ಚೌಕಾಶಿ ಮಾಡುವ ದನಿಯಲ್ಲಿ ಹೇಳಿದರು: "ಹಿಂದಿ ಫಿಲಂ. ಇಂಡಿಯಾ, ಇಂಡಿಯಾ."

ಯುವಕ ಮತ್ತೊಮ್ಮೆ ಪರದೆ ನೋಡಿದ. ಕಾಗದದಲ್ಲಿ ಎರಡು ಸಾಲು ಬರೆದ. ಮೆಕ್ಯಾನಿಕ್ ವಯರ್ ಕಿತ್ತು ಮತ್ತೆ ಚುಚ್ಚಿದಾಗ ಪರದೆ ಕಪ್ಪಾಯಿತು. "ಯಲ್ಲಾ" ಎಂದು, ನಡೆಯಿರಿ ಎನ್ನುವಂತೆ, ಯುವಕ ಹೊರಟ. ಮೂವರೂ ಹೋದರು. ಬಾಗಿಲು ಹಾಕಿದ ಮೇಲೆ, ಪ್ರತಿಮೆ ಸದ್ಯ ನಿಮ್ಮಲ್ಲೇ ಇರಲಿ ಎಂದು ಅಕ್ಕನನ್ನು ಕೇಳಿಕೊಂಡೆ.

ಆ ಎರಡು ಸಾಲು ನಮ್ಮ ಮನೆಯ ಅನ್ನ ನೀರು ಕೆಡಿಸಿತು. ಗಂಡ ಕೇಳಿದ್ದನ್ನೇ ಕೇಳಿದರು: ಎಷ್ಟು ಹೊತ್ತು ನೋಡಿದ, ಮುಖ ಹೇಗಿತ್ತು, ಬರೆದದ್ದು ನಂಬರಾ ಅಕ್ಷರವಾ. ಡಬ್ಬಿಯನ್ನು ಕಿತ್ತು, ಬೆಡ್‌ಶೀಟಿನಲ್ಲಿ ಸುತ್ತಿ ಅಲಮಾರಿನ ಮೇಲಿಟ್ಟರು. ಶುಕ್ರವಾರ ಪೂಜೆ ಇಲ್ಲ, ಸಂಜೆಯ ಜಪವಿಲ್ಲ. ಮಗಳಿಗೆ ಶಾಲೆಯಲ್ಲಿ ಯಾರಿಗೂ ಏನೂ ಹೇಳಬೇಡ ಎಂದು ದಿನಾ ಹೇಳಿ ಹೇಳಿ, ಏನು ಹೇಳಬಾರದೆಂದು ಅವಳಿಗೇ ತಿಳಿಯದೆ, ಅವಳು ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಳು. ಟೀಚರ್ ಚೀಟಿ ಕಳಿಸಿದರು. ಲಿಫ್ಟ್ ನಮ್ಮ ಮಾಳಿಗೆಯಲ್ಲಿ ನಿಂತರೆ ಸಾಕು, ನಾನು ಉಸಿರು ಹಿಡಿದು ಹೆಜ್ಜೆ ಲೆಕ್ಕ ಮಾಡುತ್ತಿದ್ದೆ.

ಹನ್ನೆರಡನೆಯ ದಿನ ಫೋನ್ ಬಂತು. ಕಟ್ಟಡದ ಆಫೀಸಿನಿಂದ. ಡಬ್ಬಿಯ ವಿಷಯ ಮಾತಾಡಲಿಕ್ಕಿದೆ, ಇಕಾಮಾ ಹಿಡಿದು ಬನ್ನಿ.

ಅಂದು ರಾತ್ರಿ ಪಾಳಿಯಿದ್ದ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಗೆಳೆಯನೊಬ್ಬನ ನಂಬರನ್ನು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. "ಮಧ್ಯಾಹ್ನದೊಳಗೆ ನಾನು ಬರದಿದ್ದರೆ ಇವನಿಗೆ ಫೋನ್ ಮಾಡು. ನೀನು ಮಾತ್ರ ಅಲ್ಲಿಗೆ ಬರಬೇಡ" ಎಂದರು. ಬಾಗಿಲ ತನಕ ಹೋದವರು ತಿರುಗಿ ಬಂದು, ಅಂದು ಶಾಲೆಗೆ ಹೋಗಲೊಪ್ಪದೆ ಮಲಗಿದ್ದ ಮಗಳ ತಲೆ ಮುಟ್ಟಿ ಹೋದರು.

ಮೂರು ಗಂಟೆ ಕಾಲ ಕಾದೆ. ನಾನು ಸೂಟ್‌ಕೇಸ್ ಇಳಿಸಿ ಮಗಳ ಬಟ್ಟೆ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಬಾಗಿಲು ತೆರೆದಾಗ ಗಂಡನ ಮುಖ ಬೆವೆತಿತ್ತು. ಸೋಫಾದಲ್ಲಿ ಕೂತು ಮುಖ ಮುಚ್ಚಿಕೊಂಡು ಅಲುಗತೊಡಗಿದರು. ಅಳುತ್ತಿದ್ದಾರೆಂದು ಓಡಿ ಹೋದರೆ, ನಗುತ್ತಿದ್ದರು. ನಗುತ್ತಾ ಅಳುತ್ತಿದ್ದರು ಎಂದರೂ ಸರಿಯೇ.

"ನಮ್ಮ ಮನೆಯ ಕೇಬಲ್ ಹಳೆಯದಂತೆ. ಚಿತ್ರ ನಿಂತುಹೋಗ್ತದೆ, ವಯರ್ ಬದಲಾಯಿಸಬೇಕು ಅಂತ ಅವನು ಬರೆದದ್ದು. ಹನ್ನೆರಡು ದಿವಸದಿಂದ ಡಬ್ಬಿ ಆನ್ ಆಗಲೇ ಇಲ್ಲ, ಕೆಟ್ಟಿದ್ದರೆ ಬೇರೆ ಕೊಡ್ತೇವೆ ಅಂತ ಕರೆದದ್ದು. ಎರಡೂವರೆ ಗಂಟೆ ಲೈನಲ್ಲಿ ನಿಲ್ಲಿಸಿದ್ರು, ಅಷ್ಟೇ."

ನನಗೆ ನಗು ಬರಲಿಲ್ಲ. ಡಬ್ಬಿ ಆನ್ ಆಗಿಲ್ಲವೆಂದು ಆಫೀಸಿನವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗಂಡನ ನಗುವೂ ನಿಂತಿತು. ಅದಕ್ಕೆ ಉತ್ತರ ನಮಗೆ ಇಂದಿಗೂ ತಿಳಿದಿಲ್ಲ.

ಪ್ರತಿಮೆಯನ್ನು ತರಲು ಹೋದಾಗ ಅಕ್ಕ ಬಕೆಟ್ಟಿನ ಸಮೇತ ಕೊಟ್ಟರು. ಹನ್ನೆರಡು ದಿನ ಆ ಬಟ್ಟೆಯನ್ನು ಒಗೆಯದೆ, ಬಾಲ್ಕನಿಗೆ ಗಂಡ ಹೋಗದಂತೆ ಒಂದಲ್ಲ ಒಂದು ನೆಪ ಹೇಳುತ್ತಾ ಕಳೆದಿದ್ದರು. "ನಮಾಜಿಗೆ ನಿಂತರೆ ಮನಸ್ಸು ಬಾಲ್ಕನಿಗೆ ಹೋಗ್ತಿತ್ತು ಬಾಯಿ. ದೇವರು ಮಾಫಿ ಮಾಡ್ಲಿ" ಎಂದರು. ನಾನು ಅವರ ಕೈ ಹಿಡಿದೆ. ನಮ್ಮ ಭಯವನ್ನು ಅವರ ಪ್ರಾರ್ಥನೆಯೊಳಗೂ ಇಟ್ಟು ಬಂದಿದ್ದೆವಲ್ಲ ಎಂದು ನಾಚಿಕೆಯಾಯಿತು.

ಹೊಸ ವಯರ್ ಬಂತು, ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಯಿತು. ಅಕ್ಕನ ಧಾರಾವಾಹಿಯೂ ಸಿಕ್ಕಿತು. ನಾವು ಮಾತ್ರ ಆ ಕೊನೆಯ ಚಾನೆಲ್ಲಿಗೆ ಮತ್ತೆ ಹೋಗಲಿಲ್ಲ.

ಆ ವರ್ಷ ಬೇಸಿಗೆ ರಜೆಯಲ್ಲಿ ಊರಿಗೆ ಬಂದು, ಭಾನುವಾರ ಮಗಳನ್ನು ಚರ್ಚಿಗೆ ಕರೆದುಕೊಂಡು ಹೋದೆವು. ಇಡೀ ಚರ್ಚು ಗಂಟಲು ಬಿಟ್ಟು ಹಾಡತೊಡಗಿತು. ಪಿಸುಮಾತಿನ ಪ್ರಾರ್ಥನೆಯಷ್ಟೇ ಕೇಳಿ ಗೊತ್ತಿದ್ದ ಮಗಳು ನನ್ನ ಸೀರೆ ಹಿಡಿದು ಬೆಂಚಿನ ಕೆಳಗೆ ಕೂತುಬಿಟ್ಟಳು. ಎಷ್ಟು ಎಳೆದರೂ ಏಳಲಿಲ್ಲ. ಅವಳ ಚಡ್ಡಿ ಒದ್ದೆಯಾಗಿತ್ತು. ಗಂಡ ಅವಳನ್ನು ಎತ್ತಿಕೊಂಡು ಹೊರಗೆ ಬಂದು ತೆಂಗಿನ ನೆರಳಿನಲ್ಲಿ ನಿಂತರು. "ಈ ಸಲ ಜುಬೈಲಿಗೆ ನಾನೊಬ್ಬನೇ ಹೋಗ್ತೇನೆ. ನೀವಿಬ್ಬರು ಇಲ್ಲೇ ಇರಿ" ಎಂದರು. ಜೂನ್‌ನಲ್ಲಿ ಮಗಳನ್ನು ಮನೆ ಹತ್ತಿರದ ಶಾಲೆಗೆ ಸೇರಿಸಿದೆವು.