ಬೆಂಜಮಿನ್ ಪೊರ್ಬು ಬೆಳಗಿದ ರೂಪಾಯಿ

ಬೆಂಜಮಿನ್ ಪೊರ್ಬು ಇಗರ್ಜಿಯ ಹಿತ್ತಾಳೆ ಸಾಮಾನು ಬೆಳಗಿದ ಮರುದಿನ ಹಿರಿಯಡ್ಕದ ಬಸ್ಸಿನ ಡ್ರೈವರುಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಗಾಡಿ ಓಡಿಸುತ್ತಿದ್ದರು. ನಂಬದಿದ್ದರೆ ಬೇಡ. ನಮ್ಮ ಕಾರ್ಕಳಕ್ಕೂ ಹಿರಿಯಡ್ಕಕ್ಕೂ ನಡುವೆ ಏಳೆಂಟು ಗುಡ್ಡ ಉಂಟು ಎಂದು ನೀವು ಹೇಳುತ್ತೀರಿ. ಆ ಗುಡ್ಡಗಳೂ ಸ್ವಲ್ಪ ಬಗ್ಗಿ ದಾರಿ ಬಿಡುತ್ತಿದ್ದವು ಎಂದು ನಾನು ಹೇಳುತ್ತೇನೆ.

ಪೊರ್ಬು ಎನ್ನುವುದು ನಮ್ಮ ಕಡೆ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವ ತುಳು ಮಾತು. ಕಾರ್ಕಳದ ಒಂದು ಇಗರ್ಜಿಯಲ್ಲಿ ಗಂಟೆ ಬಾರಿಸುವುದು, ಮೇಣದಬತ್ತಿ ಹಚ್ಚುವುದು, ಪಾದ್ರಿಗಳ ಅಂಗಿ ಮಡಚುವುದು, ಇವೆಲ್ಲ ಬೆಂಜಮಿನರ ಕೆಲಸ. ಆದರೆ ಅವರ ಜೀವ ಇದ್ದದ್ದು ಬೆಳಗುವುದರಲ್ಲಿ. ಹಿತ್ತಿಲಿನ ಬಿಂಬುಳಿ ಮರದ ಕಾಯಿ ಜಜ್ಜಿ ಅದರ ಹುಳಿ, ತೆಂಗಿನ ಗೆರಟೆ ಸುಟ್ಟು ಜರಡಿ ಹಿಡಿದ ಬೂದಿ, ಒಂದು ಹಿಡಿ ನಾರು: ಇಷ್ಟರಿಂದ ಅವರು ನಲವತ್ತು ವರ್ಷ ದೇವರ ಮುಂದೆ ಒಂದು ಕಪ್ಪು ಚುಕ್ಕೆ ನಿಲ್ಲಲು ಬಿಡಲಿಲ್ಲ. ಹೊಳೆಯದ ವಸ್ತುವಿಗೆ ಮರ್ಯಾದೆ ಇಲ್ಲ ಎಂಬುದು ಅವರ ನಂಬಿಕೆ. ಹೆಂಡತಿ ಇಮೆಲ್ಡಾಬಾಯಿ ಮಾತ್ರ, "ಈ ಮನೆಯಲ್ಲಿ ನನ್ನ ಗಂಡ ಬೆಳಗದೆ ಬಿಟ್ಟದ್ದು ಅವರ ತಲೆ ಒಂದೇ. ಅದು ತನ್ನಷ್ಟಕ್ಕೆ ಬೋಳಾಗಿ ಹೊಳೆಯಿತು" ಎನ್ನುತ್ತಿದ್ದರು.

ಬೆಂಜಮಿನರಿಗೆ ಹಿತ್ತಾಳೆಯ ದೆಸೆಯಿಂದಲೇ ಒಬ್ಬ ಗೆಳೆಯ ಸಿಕ್ಕಿದ್ದ: ಗುಜರಿ ವ್ಯಾಪಾರದ ಕುಂಞಿ ಮೊಹಮ್ಮದ್. ಮುರಿದ ದೀಪ, ಒಡೆದ ಗಂಟೆ ಏನಿದ್ದರೂ ಸೈಕಲಿನ ಹಿಂದೆ ಕಟ್ಟಿಕೊಂಡು ಕುಕ್ಕುಂದೂರಿನ ತನ್ನ ಮನೆಗೆ ಒಯ್ಯುತ್ತಿದ್ದ ಬ್ಯಾರಿ ಮುಸಲ್ಮಾನ. ಸುಳ್ಳು ಹೇಳುವುದರಲ್ಲಿ ನನಗೇ ಗುರು. ಹೆಬ್ರಿಯಿಂದ ಒಂದು ರೋಡ್ ರೋಲರನ್ನು ಸೈಕಲಿನಲ್ಲಿ ತಂದೆ, ಅಜೆಕಾರಿನ ಏರಿನಲ್ಲಿ ಮಾತ್ರ ಇಳಿದು ತಳ್ಳಬೇಕಾಯಿತು ಎಂದು ನನ್ನೆದುರಿಗೇ ಹೇಳಿದ್ದ. ಊರಿನಲ್ಲಿ ಯಾರೂ ಅವನ ಮಾತು ನಂಬುತ್ತಿರಲಿಲ್ಲ. ಹೆಂಡತಿ ಸಫಿಯಮ್ಮ ಒಬ್ಬಳೇ ನಂಬುತ್ತಿದ್ದಳು, ರೋಡ್ ರೋಲರನ್ನೂ ಸೇರಿಸಿ.

ಎಂಬತ್ತೆರಡನೇ ಇಸವಿಯಲ್ಲಿ ಅವನು ಎದೆನೋವಿನಿಂದ ಸತ್ತ. ಸಾಯುವ ಮೊದಲು ಹೆಂಡತಿಯ ಕೈಗೆ ಒಂದು ಬಿಸ್ಕೆಟ್ ಡಬ್ಬಿ ಕೊಟ್ಟು ಹೇಳಿದನಂತೆ: "ಇದರಲ್ಲಿ ಒಂದು ರೂಪಾಯಿ ಉಂಟು. ಈ ಮನೆ ನಿನ್ನದಾಗಲಿಕ್ಕೆ ಅದೊಂದೇ ಸಾಕು."

ಮನೆ ಅವರದಾಗಿರಲಿಲ್ಲ. ಜಾಗದ ಧನಿ ಕೂಸಪ್ಪ ಕೆಟ್ಟವರಲ್ಲ. ಸಫಿಯಮ್ಮನಿಗೆ ನೇರವಾಗಿ ಹೇಳಿದರು: "ನೋಡಮ್ಮ, ಮಗಳ ಮದುವೆಗೆ ಈ ಜಾಗ ಮಾರಲೇಬೇಕು. ಬರುವ ಬೇಸಿಗೆಯೊಳಗೆ ನಾಲ್ಕು ಸಾವಿರ ಕೊಟ್ಟರೆ ನಿಮ್ಮ ಹೆಸರಿಗೇ ಬರೆದುಕೊಡುತ್ತೇನೆ. ಅದಕ್ಕಿಂತ ಹೆಚ್ಚು ಕಾಯಲಿಕ್ಕೆ ನನ್ನಿಂದ ಆಗುವುದಿಲ್ಲ." ಕಾಪುವಿನಿಂದ ಬಂದ ಅವಳ ಅಣ್ಣ ಮೂಸಾ ನಕ್ಕು, "ನಿನ್ನ ಗಂಡನ ರೂಪಾಯಿಯಲ್ಲಿ ಒಂದು ಚಾ ಸಿಕ್ಕಿದರೆ ದೊಡ್ಡದು. ಸುಮ್ಮನೆ ನನ್ನ ಮನೆಗೆ ಬಾ, ಅಡಿಗೆಗೆ ಒಂದು ಕೈ ಆಗುತ್ತದೆ" ಎಂದ. ಆ ಕೊನೆಯ ಮಾತು ಸಫಿಯಮ್ಮನಿಗೆ ಚುಚ್ಚಿತು. ಡಬ್ಬಿ ಹಿಡಿದುಕೊಂಡು ಬೆಂಜಮಿನರ ಮನೆಗೆ ಬಂದಳು.

"ಪೊರ್ಬುಗಳೇ, ಇಗರ್ಜಿಯ ಬೆಳ್ಳಿ ಬಂಗಾರ ನೋಡಿಕೊಳ್ಳುವವರು ನೀವು. ಇದನ್ನು ಯಾರಿಗಾದರೂ ತೋರಿಸಿ. ನಮ್ಮವರು ಹೇಳಿದ್ದು ನಿಜವೋ ಎಂತ ಅಂತ ನನಗೆ ಗೊತ್ತಾಗಬೇಕು."

ಡಬ್ಬಿಯಲ್ಲಿ ಹನ್ನೊಂದು ನಾಣ್ಯಗಳಿದ್ದವು. ಎಲ್ಲವೂ ಅಡಿಗೆಮನೆಯ ಜಂತಿಯಷ್ಟು ಕಪ್ಪು.

ಬೆಂಜಮಿನರು ನನ್ನ ಹತ್ತಿರ ಬಂದರು. ನಾನು ಆಗ ಪೋಸ್ಟ್ ಆಫೀಸಿನಲ್ಲಿ ಗುಮಾಸ್ತ, ಇಂಗ್ಲಿಷ್ ಓದಿ ಹೇಳುವವನು. ಮಣಿಪಾಲದಲ್ಲಿ ಎಡ್ಮಂಡ್ ಎಂಬ ಪ್ರೊಫೆಸರರು ಹಳೆಯ ನಾಣ್ಯ ಕೂಡಿಡುತ್ತಾರೆಂದು ಕೇಳಿದ್ದೆ. ಇಬ್ಬರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕಳ್ಳರಿರುತ್ತಾರೆಂದು ಬೆಂಜಮಿನರು ನಾಣ್ಯಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಪ್ರೊಫೆಸರರು ನಮ್ಮ ಖಾಲಿ ಕೈ ನೋಡಿ ನಕ್ಕರು. ಆದರೂ ಕೂರಿಸಿ ಕಾಫಿ ಕೊಟ್ಟು ಎಲ್ಲ ತಿಳಿಸಿದರು. ಬೊಂಬಾಯಿಯಲ್ಲಿ ಒಬ್ಬ ಪರೀಕ್ಷಕರಿದ್ದಾರೆ. ನಾಣ್ಯ ಅಸಲಿಯೇ, ಯಾವ ದರ್ಜೆಯದು ಎಂದು ಬರೆದು ಸಹಿ ಹಾಕಿ ಕೊಡುತ್ತಾರೆ. ಆ ಕಾಗದ ಇದ್ದರೆ ಕೊಳ್ಳುವವರು ಮಾತಿಲ್ಲದೆ ಬೆಲೆ ಕೊಡುತ್ತಾರೆ. ಫೀಸು ಒಂದು ನಾಣ್ಯಕ್ಕೆ ಇಪ್ಪತ್ತೈದು ರೂಪಾಯಿ.

"ಹನ್ನೊಂದಕ್ಕೆ ಇನ್ನೂರ ಎಪ್ಪತ್ತೈದು!" ಬೆಂಜಮಿನರು ಕುರ್ಚಿಯ ಕೈ ಹಿಡಿದುಕೊಂಡರು. ಅವರು ಎಂಥ ಮಿತವ್ಯಯಿ ಎಂದರೆ ಒಂದು ಬೆಂಕಿಕಡ್ಡಿಯಲ್ಲಿ ಇಪ್ಪತ್ನಾಲ್ಕು ಮೇಣದಬತ್ತಿ ಹಚ್ಚಿ, ಉಳಿದ ಕಡ್ಡಿಯನ್ನು ಹಲ್ಲು ಕೆದಕಲು ಮನೆಗೆ ತರುತ್ತಿದ್ದರು.

"ಹನ್ನೊಂದನ್ನೂ ಕಳಿಸಬೇಡಿ ಮಾರಾಯ್ರೆ," ಎಂದರು ಪ್ರೊಫೆಸರರು. "ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ತಿಕ್ಕಿ. ಅಚ್ಚು ಮೂಡುತ್ತದೆ. ಎರಡೂ ಮಗ್ಗುಲಿನ ಅಚ್ಚು ತೆಗೆದು ನಂಬರು ಹಾಕಿ ಮೊದಲು ಅದನ್ನೇ ಕಳಿಸಿ. ಯಾವುದಕ್ಕೆ ಫೀಸು ಕೊಡುವುದು ಲಾಭ ಅಂತ ಅವರೇ ಹೇಳುತ್ತಾರೆ. ಸಾಧಾರಣ ನಾಣ್ಯಕ್ಕೆ ಕಾಗದ ಮಾಡಿಸಿದರೆ ನಾಣ್ಯಕ್ಕಿಂತ ಕಾಗದವೇ ದುಬಾರಿ."

ಹಾಗೆಯೇ ಮಾಡಿದೆವು. ಅಂಚೆ ಖರ್ಚು ಬಿಟ್ಟರೆ ಒಂದು ಪೈಸೆ ಹೋಗಲಿಲ್ಲ. ಎರಡು ವಾರದಲ್ಲಿ ಉತ್ತರ ಬಂತು. ಪೋಸ್ಟ್ ಆಫೀಸಿನ ಎದುರು ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಕೂತು ನಾನು ಓದಿ ಹೇಳಿದೆ: ಹತ್ತು ನಾಣ್ಯ ಎಲ್ಲೆಲ್ಲೂ ಸಿಗುವಂಥವು. ಏಳನೆಯ ನಂಬರಿನದು ೧೯೩೯ರ ಬೆಳ್ಳಿ ರೂಪಾಯಿಯ ಹಾಗೆ ಕಾಣುತ್ತದೆ. ಅದು ಬಹಳ ಅಪರೂಪ. ಆದರೆ ೧೯೩೮ರ ರೂಪಾಯಿಯ ಎಂಟನ್ನು ಕೆರೆದು ಒಂಬತ್ತು ಮಾಡಿ ಮೋಸ ಮಾಡುವವರಿದ್ದಾರೆ. ಆದ್ದರಿಂದ ನಾಣ್ಯವನ್ನೇ ನೋಡಬೇಕು. ಅದೊಂದನ್ನು ಮಾತ್ರ ಕಳಿಸಿ.

"ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎಂತದೋ ಉಂಟಲ್ಲ?" ಎಂದರು ಬೆಂಜಮಿನರು.

"ಅವೆಲ್ಲ ನಿಯಮಗಳು. ನಮ್ಮ ಇಲಾಖೆಯ ನಿಯಮಗಳನ್ನೇ ನಾನು ಇಪ್ಪತ್ತು ವರ್ಷದಿಂದ ಓದಿಲ್ಲ, ಇನ್ನು ಬೊಂಬಾಯಿಯವರದ್ದು ಓದುತ್ತೇನೆಯೇ?" ಎಂದೆ. ಇಬ್ಬರೂ ನಕ್ಕೆವು. ಆ ನಗುವಿನ ಬೆಲೆ ಎಷ್ಟು ಎಂಬುದು ಆಮೇಲೆ ತಿಳಿಯಿತು.

ಮೂರನೆಯ ದಿನ ಬೆಂಜಮಿನರು ಕೌಂಟರಿನ ಮೇಲೆ ಒಂದು ಬಿಳಿ ಕರವಸ್ತ್ರ ಬಿಚ್ಚಿದರು. ಒಳಗೆ ಆ ರೂಪಾಯಿ. ಈಗ ತಾನೇ ಟಂಕಸಾಲೆಯಿಂದ ಬಿದ್ದ ಹಾಗೆ ಥಳಥಳ ಹೊಳೆಯುತ್ತಿತ್ತು. ಪಿಂಚಣಿಗೆ ಬಂದ ಮುದುಕರು ಸಾಲು ಬಿಟ್ಟು ಬಂದು ಇಣುಕಿದರು.

"ಎರಡು ದಿನ ಹಿಡಿಯಿತು," ಎಂದರು ಬೆಂಜಮಿನರು. "ಅಂಕಿಯ ಸಂದಿಯಲ್ಲಿ ಕೂತ ಕಪ್ಪು ಬಿಡಲೇ ಇಲ್ಲ. ಕಡೆಗೆ ಬಿದಿರಿನ ಕಡ್ಡಿ ಚೂಪು ಮಾಡಿ ಬೂದಿ ಹಚ್ಚಿ ತೆಗೆದೆ. ದರ್ಜೆ ನೋಡುವವರ ಮುಂದೆ ಕೊಳೆ ಬಟ್ಟೆಯಲ್ಲಿ ನಿಲ್ಲಿಸುವುದು ಸರಿಯಾ? ಪಾಪ, ವಿಧವೆಯ ಸೊತ್ತು."

"ಇದಕ್ಕೆ ಮೊದಲ ದರ್ಜೆ ಕೊಡದಿದ್ದರೆ ಆ ಪರೀಕ್ಷಕನಿಗೆ ಕಣ್ಣಿಲ್ಲ" ಎಂದು ನಾನೂ ಹೇಳಿದೆ. ನಾನೇ ಅರಗು ಕರಗಿಸಿ ಮುದ್ರೆ ಒತ್ತಿ ಇನ್ಶೂರ್ ಮಾಡಿ ಕಳಿಸಿದೆ.

ಇಪ್ಪತ್ತಮೂರು ದಿನಕ್ಕೆ ಪೊಟ್ಟಣ ತಿರುಗಿ ಬಂತು. ಕುಕ್ಕುಂದೂರಿನ ಆ ಮನೆಯ ಜಗಲಿಯಲ್ಲಿ ಸಫಿಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಒರಗಿ ಕೂತಿದ್ದಳು. ಬೆಂಜಮಿನರು ಭಾನುವಾರದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ನಡುವೆ ನಿಲ್ಲಿಸುವ ಬುದ್ಧಿ ನನಗೆ ಬರಲಿಲ್ಲ.

ಈ ನಾಣ್ಯ ಅಸಲಿ ಎಂದು ನಾನು ಸ್ವತಃ ನಂಬುತ್ತೇನೆ, ಎಂದು ಬರೆದಿದ್ದರು ಆ ಪರೀಕ್ಷಕರು. ಆದರೆ ಇತ್ತೀಚೆಗೆ ಯಾರೋ ಇದನ್ನು ಹುಳಿ ಹಾಕಿ ಒರಟು ಪುಡಿಯಿಂದ ಉಜ್ಜಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಗೀರು. ಅಂಕಿಯ ಸುತ್ತಲೇ ಹೆಚ್ಚು ಕೆರೆದದ್ದರಿಂದ ಒಂಬತ್ತು ಹುಟ್ಟಿನಿಂದಲೇ ಒಂಬತ್ತೋ ಅಥವಾ ಎಂಟಾಗಿತ್ತೋ ಎಂದು ಪ್ರಮಾಣಪತ್ರದಲ್ಲಿ ಬರೆದು ಕೊಡಲು ಸಾಧ್ಯವಿಲ್ಲ. ಆ ಅಂಕಿಯ ಸಂದಿಯಲ್ಲಿ ಕೂತಿದ್ದ ಹಳೆಯ ಕಪ್ಪೇ ಅದಕ್ಕೆ ಸಾಕ್ಷಿಯಾಗುತ್ತಿತ್ತು. ಇದ್ದ ಹಾಗೆ ಬಂದಿದ್ದರೆ ಆರು ಸಾವಿರಕ್ಕೆ ನಾನೇ ಕೊಳ್ಳುವವರನ್ನು ಹುಡುಕಿ ಕೊಡುತ್ತಿದ್ದೆ. ಈಗ ಸಂಶಯದ ನಾಣ್ಯವೆಂದು ಮಾರುವುದಾದರೆ ಮುನ್ನೂರು ಸಿಗಬಹುದು. ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು ಎಂದು ನಮ್ಮ ಮೊದಲ ಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿದ್ದೇವೆ.

ಕೊನೆಯ ಸಾಲನ್ನು ನಾನು ಬಹಳ ಸಣ್ಣ ಸ್ವರದಲ್ಲಿ ಓದಿದೆ.

"ಯಾರೋ ಅಲ್ಲ," ಎಂದರು ಬೆಂಜಮಿನರು. "ನಾನು, ಸಫಿಯಮ್ಮ."

"ಹಿಂಬದಿ ಓದದವನು ನಾನು" ಎಂದೆ. ಅದನ್ನು ಇಬ್ಬರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಸಫಿಯಮ್ಮ ನನ್ನನ್ನು ಕೇಳಿದಳು: "ಆ ಬೊಂಬಾಯಿಯವರು ನಂಬುತ್ತಾರೆ, ಆದರೆ ಬರೆಯುವುದಿಲ್ಲ. ಹಾಗಾದರೆ ನಮ್ಮವರು ಹೇಳಿದ್ದು ನಿಜವೋ, ಸುಳ್ಳೋ?"

"ನಿಜವೇ ಇರಬೇಕು."

"ಇರಬೇಕು ಅಂದರೆ ಕೂಸಪ್ಪಣ್ಣ ಜಾಗ ಕೊಡುತ್ತಾರಾ?"

ನಾನು ಪತ್ರ ಮಡಚಿ ಇಟ್ಟೆ. ಅವಳು ರೂಪಾಯಿಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿದಳು. "ಅವರು ದಿನಾ ರಾತ್ರಿ ಡಬ್ಬಿ ತೆಗೆದು ಒಂದೊಂದನ್ನೂ ಹೀಗೆ ಸವರುತ್ತಿದ್ದರು. ಆ ಕಪ್ಪಿನಲ್ಲಿ ಅವರ ಕೈಯ ಎಣ್ಣೆಯೂ ಇತ್ತು ಪೊರ್ಬುಗಳೇ" ಎಂದಳು. ಗದರಿಸಿ ಹೇಳಲಿಲ್ಲ. ಬೆಲ್ಲ ಮುಗಿದಿದೆ ಎಂದು ಹೇಳುವ ಸ್ವರದಲ್ಲಿ ಹೇಳಿದಳು.

"ಬೈಯಿರಿ ಸಫಿಯಮ್ಮ. ಎರಡು ಮಾತು ಬೈಯಿರಿ."

"ನೀವು ಒಳ್ಳೆಯದಕ್ಕೇ ಮಾಡಿದ್ದಲ್ವಾ? ಬೈಯುವುದು ಹೇಗೆ?"

ಮರುವಾರ ಬೆಂಜಮಿನರು ಸಾವಿರದ ನೂರು ರೂಪಾಯಿ ತೆಗೆದುಕೊಂಡು ಹೋದರು. ಸಫಿಯಮ್ಮ ಮುಟ್ಟಲಿಲ್ಲ. "ನಿನ್ನೆ ಪೇಟೆಯಲ್ಲಿ ಇಮೆಲ್ಡಾಬಾಯಿಯನ್ನು ನೋಡಿದೆ. ಕಿವಿ ಬೋಳಾಗಿತ್ತು. ಮೊದಲು ಓಲೆ ಬಿಡಿಸಿಕೊಂಡು ಬನ್ನಿ" ಎಂದಳಂತೆ. ಮುನ್ನೂರಕ್ಕೆ ನಾಣ್ಯ ಮಾರಲೂ ಒಪ್ಪಲಿಲ್ಲ. ಸಂಶಯದ್ದು ಎಂದು ಮಾರಿದರೆ ಗಂಡನನ್ನು ತಾನೇ ಸುಳ್ಳುಗಾರ ಎಂದ ಹಾಗಾಗುತ್ತದೆ ಎಂಬುದು ಅವಳ ಲೆಕ್ಕ. ಬೇಸಿಗೆಯಲ್ಲಿ ಕೂಸಪ್ಪ ಜಾಗ ಮಾರಿದರು. ಸಫಿಯಮ್ಮ ಒಂದು ಟ್ರಂಕು, ಒಂದು ಚಾಪೆ, ಆ ಡಬ್ಬಿ ಹಿಡಿದು ಕಾಪುವಿನ ಬಸ್ಸು ಹತ್ತಿದಳು. ಮೂಸಾನ ಅಡಿಗೆಮನೆಗೆ ಒಂದು ಕೈ ಸಿಕ್ಕಿತು.

ಅಲ್ಲಿಂದ ಮುಂದೆ ಬೆಂಜಮಿನರ ಕತೆ ಹೇಳಲು ನನ್ನ ಹತ್ತಿರ ಉತ್ಪ್ರೇಕ್ಷೆ ಉಳಿದಿಲ್ಲ. ಪ್ರತಿ ತಿಂಗಳ ಎರಡನೆಯ ಸೋಮವಾರ ಅವರು ಕಾಪುವಿಗೆ ಹೋಗುತ್ತಿದ್ದರು. ಉಡುಪಿಯಲ್ಲಿ ಬಸ್ಸು ಬದಲಿಸಿ ಹೋಗಿಬರಲು ಇಡೀ ದಿನ. ಬೆಂಕಿಕಡ್ಡಿ ಉಳಿಸುವ ಮನುಷ್ಯ ಬಸ್ಸಿನ ಚಾರ್ಜಿನ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮೂಸಾನ ಜಗಲಿಯಲ್ಲಿ ಬೆಂಜಮಿನರು, ಒಳಬಾಗಿಲಿನಲ್ಲಿ ಸಫಿಯಮ್ಮ. ಬೆಂಜಮಿನರು ಕುಂಞಿ ಮೊಹಮ್ಮದನ ಯಾವುದೋ ಒಂದು ಕತೆ ಹೇಳುತ್ತಿದ್ದರು. ಅವನು ಹಿತ್ತಾಳೆ ಕೊಪ್ಪರಿಗೆಯನ್ನು ತಲೆಗೆ ಹಾಕಿಕೊಂಡು ಮಳೆಯಲ್ಲಿ ಬಂದದ್ದು, ಒಡೆದ ಗಂಟೆಗೆ ಚೌಕಾಸಿ ಮಾಡುತ್ತಾ ಪಾದ್ರಿಗಳನ್ನೇ ನಗಿಸಿದ್ದು. ಸಫಿಯಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಏಳುವಾಗ ಅವರು ಪ್ರತಿ ಸಲವೂ ಕೇಳುತ್ತಿದ್ದ ಮಾತನ್ನು ಕೇಳಿದರು:

"ಈಗಲಾದರೂ ಕ್ಷಮಿಸಿದೆ ಅಂತ ಒಂದು ಮಾತು ಹೇಳುತ್ತೀರಾ?"

"ನೋಡುವ, ಪೊರ್ಬುಗಳೇ. ಬರುವ ತಿಂಗಳು ಬನ್ನಿ."

ದಾರಿಯಲ್ಲಿ ನಾನು, "ಎಂಥ ಗಟ್ಟಿ ಹೆಂಗಸು ಮಾರಾಯ್ರೆ!" ಎಂದೆ. ಬರುವ ತಿಂಗಳ ಎರಡನೆಯ ಸೋಮವಾರ ಯಾವ ತಾರೀಕು ಎಂದು ಬೆಂಜಮಿನರು ಕೇಳಿದರು. ಐದು ವರ್ಷ ಹೀಗೆಯೇ ನಡೆಯಿತು. ಅವರು ಸಪ್ಪಗಾದರು, ತೆಳ್ಳಗಾದರು. ಭಾನುವಾರದ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಎಂಬತ್ತೆಂಟರ ಜನವರಿಯಲ್ಲಿ, ಆ ಮಾತು ಕೇಳದೆಯೇ, ತೀರಿಕೊಂಡರು.

ಮಣ್ಣು ಮಾಡುವ ದಿನ ಸಫಿಯಮ್ಮ ಎರಡು ಬಸ್ಸು ಹಿಡಿದು ಬಂದಳು. ಇಮೆಲ್ಡಾಬಾಯಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಅಂಗಳದ ಅಂಚಿನಲ್ಲಿ ಒಬ್ಬಳೇ ನಿಂತಳು. ನನಗೆ ತಡೆಯಲಿಲ್ಲ. ಹತ್ತಿರ ಹೋಗಿ ಕೇಳಿಯೇಬಿಟ್ಟೆ: "ಒಂದು ಮಾತು, ಸಫಿಯಮ್ಮ. ಒಂದೇ ಮಾತು. ಹೇಳಿಬಿಡಬಹುದಿತ್ತಲ್ಲ?"

ಅವಳು ನನ್ನ ಮುಖ ನೋಡಲಿಲ್ಲ.

"ಅದನ್ನು ನಾನು ಕುಕ್ಕುಂದೂರಿನ ಜಗಲಿಯಲ್ಲೇ ಮನಸ್ಸಿನಲ್ಲಿ ಹೇಳಿ ಮುಗಿಸಿದ್ದೆ," ಎಂದಳು. "ಬಾಯಿಬಿಟ್ಟು ಹೇಳಿದ್ದರೆ ಅವರು ಮತ್ತೆ ಕಾಪುವಿಗೆ ಬರುತ್ತಿದ್ದರಾ? ಅಣ್ಣನ ಮನೆಯಲ್ಲಿ ನಮ್ಮವರ ಹೆಸರು ಎತ್ತುವವರು ಒಬ್ಬರೂ ಇಲ್ಲ. ಎತ್ತಿದರೂ ನಗಲಿಕ್ಕೆ. ತಿಂಗಳಿಗೊಮ್ಮೆ ಈ ಪೊರ್ಬುಗಳು ಬಂದು ಅವರ ಕತೆ ಹೇಳುತ್ತಿದ್ದರು. ಅದಕ್ಕಾಗಿ ಮುಂದೆ ಹಾಕುತ್ತಾ ಬಂದೆ. ಇಷ್ಟು ಬೇಗ ಹೋಗುತ್ತಾರೆ ಅಂತ ನನಗೆ ಎಂತ ಗೊತ್ತು?"

ಒಳಗೆ ಪೆಟ್ಟಿಗೆ ಎತ್ತುವ ಸದ್ದಾಯಿತು. ಗಂಡಸರು ದಾರಿ ಬಿಡಿ ಎಂದರು. ಸಫಿಯಮ್ಮ ಪಕ್ಕಕ್ಕೆ ಸರಿದು, ಪೆಟ್ಟಿಗೆ ತನ್ನೆದುರು ಹಾದುಹೋಗುವಾಗ ತುಟಿ ಅಲ್ಲಾಡಿಸಿ ಏನನ್ನೋ ಹೇಳಿದಳು. ಬ್ಯಾರಿ ಭಾಷೆಯಲ್ಲಿ ಹೇಳಿರಬೇಕು, ನನಗೆ ತಿಳಿಯಲಿಲ್ಲ. ಆಮೇಲೆ ಉಡುಪಿಗೆ ಮೂರೂವರೆಯ ಬಸ್ಸು ಇನ್ನೂ ಉಂಟಾ ಎಂದು ನನ್ನನ್ನು ಕೇಳಿದಳು. ಉಂಟು ಎಂದೆ. ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಯಾವ ತಮಾಷೆಯೂ ಬಾಯಿಗೆ ಬರಲಿಲ್ಲ.