ರೋಸ್ಲಾನನ ಹಬ್ಬಕ್ಕೆ ನಾವು ಕರೆದದ್ದು

ಮೊನ್ನೆ ಇಲ್ಲಿ, ಅಮೆರಿಕದ ಸ್ಯಾನ್ ಮಟಿಯೋದ ಗ್ರೋಸರಿಯಲ್ಲಿ ಕೊತ್ತಂಬರಿ ಹುಡುಕುತ್ತಿದ್ದೆ. ಪಕ್ಕದಲ್ಲಿ ಉದ್ದುದ್ದ ಹಸಿರು ಎಲೆಗಳ ಒಂದು ಕಟ್ಟು ಬಿದ್ದಿತ್ತು. ಎತ್ತಿ ಮೂಸಿದೆ. ಹೊಸ ಅಕ್ಕಿ ಬೇಯುವಾಗ ಏಳುವಂಥ ಕಂಪು. ಮಲೇಷ್ಯಾದವರು ಅನ್ನಕ್ಕೆ, ಸಿಹಿಗೆ, ಕಡೆಗೆ ಕಾರಿನೊಳಗೂ ಇಡುವ ಪಾಂಡಾನ್ ಎಲೆ. ಕೊತ್ತಂಬರಿಯನ್ನು ಮರೆತು ಅದನ್ನೇ ಕೊಂಡು ಬಂದೆ. ಮನೆಯಲ್ಲಿ ಅದಕ್ಕೆ ತಕ್ಕ ಸನ್ಮಾನವಾಯಿತು. ಆ ವಿವರ ನಿಮಗೆ ಬೇಡ. ಆದರೆ ಆ ವಾಸನೆಯ ಬೆನ್ನು ಹತ್ತಿ ಬಂದ ರೋಸ್ಲಾನನ ವಿಷಯ ಹೇಳದೆ ಇರಲಾರೆ.

ರೋಸ್ಲಾನ್ ಮಲೇಷ್ಯಾದ ಇಪೋ ಎಂಬ ಊರಿನವನು. ಪಕ್ಕದ ಊರು ಫಾಸ್ಟರ್ ಸಿಟಿಯ ಒಂದು ಔಷಧ ಕಂಪೆನಿಯಲ್ಲಿ ನಾನೂ ಅವನೂ ಒಂದೇ ವಿಭಾಗದಲ್ಲಿದ್ದೆವು. ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿ ಒಪ್ಪಿಗೆ ಕೊಡುವುದು ನಮ್ಮ ಕೆಲಸ. ಜಗತ್ತಿನಲ್ಲಿ ಯಾರೂ ಓದದ ಸಾಹಿತ್ಯವನ್ನು ಸಂಬಳಕ್ಕಾಗಿ ಓದುವ ಇಬ್ಬರು ವಿದ್ವಾಂಸರು ಎನ್ನಿ. ಮನೆಯೂ ಒಂದೇ ಅಪಾರ್ಟ್‌ಮೆಂಟಿನಲ್ಲಿ. ನಡುವೆ ಒಂದು ಅಂಗಳ, ಅಷ್ಟೆ. ನನಗಿಂತ ಚಿಕ್ಕವನಾದ್ದರಿಂದ ನನ್ನನ್ನು ಅವನ ಭಾಷೆಯಲ್ಲಿ ‘ಅಬಾಂಗ್’ ಎನ್ನುತ್ತಿದ್ದ. ಅಂದರೆ ಅಣ್ಣ. ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ವ್ಯಾಕರಣವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು, ಮಾತಿನ ಬಾಲಕ್ಕೊಂದು ‘ಲಾ’ ಅಂಟಿಸಿಕೊಂಡು ಬರುತ್ತಿದ್ದ ಆ ಇಂಗ್ಲಿಷು ನನ್ನ ಕಿವಿಗೆ ಹುಬ್ಬಳ್ಳಿಯ ಕನ್ನಡದಂತೆಯೇ ಕೇಳುತ್ತಿತ್ತು. ಹಾಗಾಗಿ ಅವನ ಮಾತನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ಅವನಿಗೇನೂ ಅನ್ಯಾಯವಾಗದು.

ಮಧ್ಯಾಹ್ನದ ಊಟದ ಹೊತ್ತಿಗೆ ಅವನ ದರ್ಶನಶಾಸ್ತ್ರ ಹೊರಬರುತ್ತಿತ್ತು. “ಕೆಲಸ ಅಂದ್ರ ಏನು ಅಬಾಂಗ್? ಊಟಕ್ಕ ಮೊದಲು ಮಾಡೂದು, ಊಟ ಆದ ಮ್ಯಾಲೆ ಅದನ್ನ ಸುಧಾರಿಸೂದು.” ತನ್ನ ದೇಶದ ರಸ್ತೆ, ಮಂತ್ರಿ, ಸೆಕೆ ಎಲ್ಲವನ್ನೂ ಬೈಯುತ್ತಿದ್ದ. ನಾನು ತಲೆಯಾಡಿಸಿದರೆ ಮಾತ್ರ ಸಿಟ್ಟು. “ನೀವ್ಯಾಕ ಬೈತೀರಿ? ನಿಮ್ಮ ಕಡೆ ಆ ಪಾಸ್‌ಪೋರ್ಟ್ ಅದ ಏನು?” ಅವನೂರಿನ ಕಾಫಿ ಅಂಗಡಿಯಲ್ಲಿ ಕಾಫಿ ಸುರಿಯುವವನು ಚೀನಿಯವನಂತೆ, ಗಾಳಿಯಲ್ಲಿ ಬೀಸಿ ರೊಟ್ಟಿ ಮಾಡುವವನು ತಮಿಳನಂತೆ, ಅನ್ನ ಬಡಿಸುವವಳು ಮಲಯ ಹೆಂಗಸಂತೆ. “ಒಗ್ಗಟ್ಟು ಅಂತ ಭಾಷಣ ಹೊಡಿಯೂದಿಲ್ಲ. ಹಸಿವು ಆದಾಗ ಮೂವರೂ ಬೇಕಲಾ, ಅದಕ್ಕ ಕೂಡಿ ಇರತೀವಿ.” ಇಷ್ಟು ಹೇಳಿ ಎದೆಯುಬ್ಬಿಸಿ ನೀರು ಕುಡಿಯುತ್ತಿದ್ದ.

ಆ ವರ್ಷ ರಂಜಾನ್ ಹಬ್ಬಕ್ಕೆ ಅವನ ತಾಯಿ ಮೊದಲ ಸಲ ಇಲ್ಲಿಗೆ ಬಂದರು. ರೋಸ್ಲಾನ್ ಉಪವಾಸದಲ್ಲೂ ಆಫೀಸಿನ ಊಟದ ಮೇಜಿಗೆ ಬಂದು, ಸಂಜೆ ನಮ್ಮ ಅಂಗಳದಲ್ಲೂ ನಿಂತು, ಎಲ್ಲರಿಗೂ ಕೇಳುವಂತೆ, “ಶನಿವಾರ ಹಬ್ಬ. ನಮ್ಮನಿ ಬಾಗಲಾ ತೆಗೆದಿರತದ ಲಾ,” ಎಂದ. ಹೇಳಿದ, ಮುಗಿಯಿತು. ಮತ್ತೆ ಯಾರನ್ನೂ ಕರೆಯಲಿಲ್ಲ.

ಕರೆಯದಿರುವುದೇ ಅವರ ಪದ್ಧತಿ. ಹಬ್ಬದ ದಿನ ಬಾಗಿಲು ತೆರೆದಿಡುತ್ತಾರೆ. ಪೋಸ್ಟಿನವನಿಂದ ಹಿಡಿದು ಪಕ್ಕದ ಬೀದಿಯ ಅಪರಿಚಿತನವರೆಗೆ ಯಾರು ಬೇಕಾದರೂ ಬಂದು ಉಣ್ಣಬಹುದು. “ಒಬ್ಬರನ್ನ ಕರದ್ರ, ಕರಿಯದವರಿಗೆ ಬಾಗಲಾ ಹಾಕಿದಂಗ,” ಎಂದು ನನಗೆ ವಿವರಿಸಿದ. ಆಮೇಲೆ ದನಿ ತಗ್ಗಿಸಿ, “ಅಬಾಂಗ್, ಅವ್ವ ಫೋನಿನ್ಯಾಗ ಪ್ರತಿ ವರ್ಷ ಕೇಳತಾಳ, ನಿನ್ನ ಮನಿಗೆ ಯಾರು ಬರತಾರ ಅಂತ. ಮನಿ ತುಂಬ ಮಂದಿ ಅಂತ ಹೇಳಿ ಕೂತೀನಿ,” ಎಂದ.

ಈಗ ನೋಡಿ ಪೇಚು. ಅಮೆರಿಕದವರಿಗೆ ಕ್ಯಾಲೆಂಡರಿನಲ್ಲಿ ಗಂಟೆ ನಿಮಿಷ ಬೀಳದೆ ಹಬ್ಬವಾಗದು. ಇನ್ನು ನಾವು. ನಮ್ಮಲ್ಲಿ ಹೇಳುವುದು ಬೇರೆ, ಕರೆಯುವುದು ಬೇರೆ. ಕುಂಕುಮ ಹಚ್ಚಿ, ಬರಲೇಬೇಕು ಎಂದು ಬಾಯಿಬಿಟ್ಟು ಹೇಳದೆ ನಮ್ಮ ಮನೆಯವರು ತಮ್ಮ ತವರಿನ ಮದುವೆಗೂ ಹೋಗುವವರಲ್ಲ, ಧಾರವಾಡದವರು. “ಬಾಗಲಾ ತೆಗೆದಿರತದ ಅಂದ್ರ ಏನ್ರಿ? ನಮ್ಮ ಬಾಗಲಾನೂ ತೆಗೆದಿರತದ. ಬರ್ರಿ ಅಂದಾನೇನು?” ಎಂದು ಕೇಳಿದರು. ಸಂವಿಧಾನದ ಪ್ರಶ್ನೆ.

ಶನಿವಾರ ಬೆಳಿಗ್ಗೆಯಿಂದ ಎದುರು ಮನೆಯ ಬಾಗಿಲು ತೆರೆದೇ ಇತ್ತು. ಪಾಂಡಾನಿನ ಕಂಪು ಅಂಗಳ ದಾಟಿ ನಮ್ಮ ಅಡಿಗೆಮನೆಗೆ ಬರುತ್ತಿತ್ತು. ಜನ ಮಾತ್ರ ಇಲ್ಲ. ಹೊಸ ಅಂಗಿ ತೊಟ್ಟ ರೋಸ್ಲಾನ್ ಆಗಾಗ ಹೊರಬಂದು, ಪಾರ್ಕಿಂಗಿನ ಕಡೆ ನೋಡಿ, ಏನೋ ಕೆಲಸವಿದ್ದವನಂತೆ ಚಾಪೆ ಕೊಡವಿ ಒಳಗೆ ಹೋಗುತ್ತಿದ್ದ. ಅಷ್ಟು ಸ್ವಚ್ಛವಾದ ಚಾಪೆಯನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ತಾಯಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮೆಟ್ಟಿಲು ನೋಡುತ್ತ ಕೂತರು.

“ಯಾರ್ರಿ ಆ ಅಜ್ಜಿ? ಹಬ್ಬದ ದಿನ ಒಬ್ಬಾಕಿನ ಕೂತಾಳ,” ಎಂದು ನಮ್ಮವರು ಕಿಟಕಿಯಿಂದ ಕೇಳಿದರು. ಎಲ್ಲ ಹೇಳಿದೆ. ಕರೆಯದಿರುವ ಕಾರಣ, ಫೋನಿನಲ್ಲಿ ಹೇಳಿಕೊಂಡ ಮಂದಿ, ಚಾಪೆ.

ಕುಕ್ಕರು ಒಂದು ಸೀಟಿ ಹೊಡೆಯಿತು. ಆಮೇಲೆ ಒಲೆ ಆರಿಸಿದರು. ಇಳಕಲ್ ಸೀರೆ ಬಂತು, ಕುಂಕುಮದ ಭರಣಿ ಬಂತು, ಬಾಲ್ಕನಿಯ ಕುಂಡದ ಮಲ್ಲಿಗೆ ಬಂತು. “ಅಂವ ಕರಿಯೂಹಂಗಿಲ್ಲ, ಮಂದಿ ಕರೀದ ಬರೂಹಂಗಿಲ್ಲ. ನಡುವ ಒಬ್ಬರು ಬೇಕಲ್ರಿ. ನಡೀರಿ,” ಎಂದರು.

ಹೀಗೆ ಒಬ್ಬ ಮಲಯ ಮುಸಲ್ಮಾನನ ಮನೆಯ ಹಬ್ಬಕ್ಕೆ ಧಾರವಾಡದ ಹೆಣ್ಣುಮಗಳೊಬ್ಬರು ಸ್ಯಾನ್ ಮಟಿಯೋದಲ್ಲಿ ಮನೆಮನೆ ಕರೆಯಲು ಹೊರಟರು. ನಾನು ಭರಣಿ ಹಿಡಿದ ಪರಿವಾರ. ಕುಂಕುಮ ಒಪ್ಪುವವರಿಗೆ ಕುಂಕುಮ, ಉಳಿದವರಿಗೆ ಹೂವು. ಮೈಸೂರಿನ ನಜೀರ್ ದಂಪತಿ ಬಾಗಿಲು ತೆರೆದವರೇ, “ಅಯ್ಯೋ, ನಾವೂ ಹೋಗ್ಬೇಕು ಅಂತ ಬೆಳಿಗ್ಗೆಯಿಂದ ರೆಡಿಯಾಗಿ ಕೂತಿದ್ದೀವಿ! ಅವ್ರು ಕರೀಲೇ ಇಲ್ವಲ್ಲ ಅಂತ ಸುಮ್ನಿದ್ವಿ,” ಎಂದರು. ಬೆಂಗಳೂರಿನ ಹುಡುಗರಿಬ್ಬರು, “ಆಂಟಿ, ಮೀಟಿಂಗು ಏನಿಲ್ಲ, ಊಟ ಅಂದ್ರೆ ಈಗ್ಲೇ ಬಂದ್ವಿ,” ಎಂದು ಚಪ್ಪಲಿ ಹುಡುಕಿದರು. ಮೇಲಿನ ಮಹಡಿಯ ಬಿಳಿಯ ಮುದುಕಿ ಹಣೆಯ ಕುಂಕುಮ ಮುಟ್ಟಿಕೊಂಡು, ಏನು ತರಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಯುವರ್ ಸ್ಟಮಕ್,” ಎಂದರು ನಮ್ಮವರು.

ಎಲ್ಲರನ್ನೂ ಮುಂದೆ ಬಿಟ್ಟುಕೊಂಡು ರೋಸ್ಲಾನನ ಹೊಸ್ತಿಲವರೆಗೆ ಬಂದು ಅವರು ಗಕ್ಕನೆ ನಿಂತರು. “ಏನಾತು?” ಎಂದೆ. “ನನ್ನ ಯಾರೂ ಕರದಿಲ್ಲಲ್ರಿ.”

ಇಂಥ ಸಂದರ್ಭಗಳಲ್ಲಿ ನಾನು ನಗುವವನಲ್ಲ. ಭರಣಿ ತೆರೆದೆ. ಕುಂಕುಮ ಮುಂದೆ ಹಿಡಿದು, “ರೋಸ್ಲಾನನ ಮನ್ಯಾಗ ಹಬ್ಬ ಅದ. ತಾವು ತಪ್ಪದೆ ಬಂದು ಚಂದಗಾಣಿಸಿಕೊಡಬೇಕು. ನಿಮ್ಮ ಯಜಮಾನರನ್ನೂ ಕರ್ಕೊಂಡು ಬರ್ರಿ,” ಎಂದೆ.

“ನೋಡೂಣು, ಅವರಿಗೆ ಪುರುಸೊತ್ತಿದ್ರ,” ಎಂದು ಹಚ್ಚಿಕೊಂಡು ಒಳಗೆ ಕಾಲಿಟ್ಟರು.

ಒಳಗೆ ಒಂದು ಮೂಲೆಯಲ್ಲಿ ಬೇರೆಯೇ ಮೇಜು. ಅಕ್ಕಿಯ ಕಡುಬಿನಂಥ ತುಂಡುಗಳು, ಶೇಂಗಾದ ಗಟ್ಟಿ ಸಾರು, ಬೇರೆ ಪಾತ್ರೆ, ಬೇರೆ ಸೌಟು. ಮಾಂಸ ತಿನ್ನದವರು ಬಂದರೆ ಬೇಕೆಂದು ಆ ತಾಯಿ ಬೆಳಗಾಗುವ ಮೊದಲೇ ಎದ್ದು, ಮಾಂಸದ ಪಾತ್ರೆ ಒಲೆಗೇರುವ ಮುಂಚೆ ಮಾಡಿಟ್ಟಿದ್ದರಂತೆ. “ನಮ್ಮೂರಾಗ ಎಲ್ಲಾ ಮನ್ಯಾಗೂ ಹಿಂಗ ಅಬಾಂಗ್. ದೀಪಾವಳಿಗೆ ತಮಿಳರ ಮನ್ಯಾಗ ಉಂಡವರು ನಾವು, ನಮ್ಮ ಹಬ್ಬಕ್ಕ ಅವರಿಗೆ ಜಾಗಾ ಬ್ಯಾಡೇನು?” ಎಂದ ರೋಸ್ಲಾನ್. ಅದರಲ್ಲಿ ದೊಡ್ಡ ಮಾತೇನಾದರೂ ಇದೆ ಎಂದು ಅವನಿಗೆ ಅನಿಸಿದಂತಿರಲಿಲ್ಲ. ನಾನು ಶೇಂಗಾದ ಸಾರು ಇನ್ನೊಂದು ಸೌಟು ಹಾಕಿಸಿಕೊಂಡೆ.

ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲೂ ಜನ ಕೂತು ಉಣ್ಣುತ್ತಿದ್ದರು. ತಟ್ಟೆ ಸಾಲದೆ ನಮ್ಮ ಮನೆಯ ಸ್ಟೀಲಿನ ತಾಟುಗಳು ಅಂಗಳ ದಾಟಿದವು. ಆ ತಾಯಿ ಬಡಿಸುತ್ತ ಬಡಿಸುತ್ತ ಮಗನಿಗೆ ಎಲ್ಲರೆದುರೇ ಬೈಯಲು ಶುರುಮಾಡಿದರು. ಕೈ ಬೀಸಿ, ಪಾತ್ರೆ ತೋರಿಸಿ, ಜೋರಾಗಿ.

“ಏನಂತಾರ?” ಎಂದು ನಮ್ಮವರು ಗಾಬರಿಯಿಂದ ಕೇಳಿದರು.

ರೋಸ್ಲಾನನ ಮುಖ ಅರಳಿ ಹೋಗಿತ್ತು. “ಮಂದಿ ಬರತಾರ ಅಂದಿ, ಇಷ್ಟು ಮಂದಿ ಅಂತ ಯಾಕ ಹೇಳಲಿಲ್ಲ, ನನ್ನ ಮಾನ ಕಳದಿ ಅಂತ ಬೈಲಿಕ್ಕತ್ಯಾಳ ಲಾ!” ಎಂದ. ತಾಯಿಯಿಂದ ಬೈಸಿಕೊಂಡು ಅಷ್ಟು ಹೆಮ್ಮೆಯಿಂದ ನಿಂತ ಮಗನನ್ನು ನಾನು ಬೇರೆ ನೋಡಿಲ್ಲ.

ರೋಸ್ಲಾನ್ ಈಗ ಡ್ಯಾನ್‌ವಿಲ್‌ನಲ್ಲಿ ದೊಡ್ಡ ಮನೆ ಮಾಡಿದ್ದಾನೆ. ನಾವು ಇಲ್ಲೇ ಇದ್ದೇವೆ. ಇವತ್ತು ದೀಪಾವಳಿ ಪಾಡ್ಯ. ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಇಬ್ಬರಿಗೆ ಯಾವ ಲೆಕ್ಕದಲ್ಲೂ ಒಪ್ಪದಷ್ಟು ಹೋಳಿಗೆ ಬೀಳುತ್ತಿದೆ.

“ಯಾರ್ಯಾರನ್ನ ಕರದೀರಿ?” ಎಂದು ಕೇಳಿದೆ.

“ಯಾರನ್ನೂ ಇಲ್ಲ,” ಎಂದರು, ಧಾರವಾಡದವರು.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಗುರುತಿನ ಹೆಜ್ಜೆಯಲ್ಲ. ಯಾರಿರಬಹುದೆಂದು ನೋಡಲು ಏಳಹೋದೆ.

“ಕೂಡ್ರಿ. ಯಾರು ಅಂತ ನೋಡಬ್ಯಾಡ್ರಿ,” ಎಂದರು ಲಟ್ಟಣಿಗೆ ನಿಲ್ಲಿಸದೆ. “ಎಷ್ಟು ಮಂದಿ ಅಂತ ನೋಡ್ರಿ.”