ಹಿಂದೆ ಸರಿದು ತೆಗೆದ ಫೋಟೊ

ಮುಂಬೈ ಬೈಕುಲ್ಲಾದ ನಮ್ಮ ಚಾಳಿನಲ್ಲಿ ಗದಗಿನ ಕಡೆಯ ಪೇಂಟರ್ ಒಬ್ಬರಿದ್ದರು. ಹಗ್ಗಕ್ಕೆ ಜೋತು ಬಿಲ್ಡಿಂಗ್‌ಗಳಿಗೆ ಬಣ್ಣ ಬಳಿಯುವುದು ಅವರ ಕೆಲಸ, ರೋಲ್ ಹಾಕುವ ಹಳೆಯ ಇಟಾಲಿಯನ್ ಕ್ಯಾಮೆರಾ ಅವರ ಹುಚ್ಚು. ಒಂದು ಲೆನ್ಸು, ಒಂದು ಗುಂಡಿ ಬಿಟ್ಟರೆ ಅದರಲ್ಲಿ ಹೆಚ್ಚೇನಿಲ್ಲ. ಫೋಕಸ್ ಮಾಡುವಂತಿಲ್ಲ, ಎಂಟಡಿಗಿಂತ ಹತ್ತಿರವಿದ್ದವರೆಲ್ಲ ಮಸುಕು. "ನೀವು ಅಲ್ಲೇ ಇರ್ರಿ, ನಾ ಹಿಂದ ಸರೀತೀನಿ" ಎನ್ನುವುದು ಅವರ ಮಾತು.

ಹಾಸಿಗೆ ಹಿಡಿದ ಅಮ್ಮನ ಮಂಚ ಬಾಗಿಲ ಬಳಿಯಿತ್ತು. ಅವಳ ಫೋಟೊಗಾಗಿ ಸರಿದು ಸರಿದು ಅವರ ಬೆನ್ನು ಮಹಡಿಯ ಗ್ಯಾಲರಿಯ ರೇಲಿಂಗ್‌ಗೆ ತಾಗಿತು. ಇನ್ನೂ ಎರಡಡಿ ಬೇಕಿತ್ತು. ಮೊಬೈಲಿನಲ್ಲೇ ತೆಗೆಯೋಣವೆಂದೆ. ಅವರು ಕೇಳಲಿಲ್ಲ. ಕೆಲಸದ ಹಗ್ಗವನ್ನು ಸೊಂಟಕ್ಕೂ ಕಂಬಕ್ಕೂ ಬಿಗಿದು, ತುದಿಯನ್ನು ನನ್ನ ಕೈಗೆ ಕೊಟ್ಟು, ರೇಲಿಂಗ್ ದಾಟಿ ಹೊರಕ್ಕೆ ವಾಲಿದರು.

ಅಮ್ಮನ ಕೊನೆಯ ಫೋಟೊ ಅದು. ಮುಖ ಸ್ಪಷ್ಟವಾಗಿದೆ, ಬಾಯಿ ಮಾತ್ರ ತೆರೆದಿದೆ. "ಗಟ್ಟಿ ಹಿಡ್ಕೊ ಮಾರಾಯ" ಎಂದು ನನ್ನನ್ನು ಬೈಯುತ್ತಿದ್ದಳು.